ಶನಿವಾರ ಕೌಂಟರಿನಲ್ಲಿ ಯಾರು?

ಹ್ಯೂಸ್ಟನ್
11 ಮಾರ್ಚ್ 2024

ಫೋನ್ ಕುಕ್ಕಿದ ಮಗಳಿಗೆ,

ನಿನ್ನೆ ನೀನು ಕಟ್ ಮಾಡಿದ ಮೇಲೆ ನಾನು ಮತ್ತೆ ಮತ್ತೆ ಮಾಡಿದೆ. ಕೊನೆಗೆ ನಿಮ್ಮವ್ವ ಎತ್ತಿದಳು. "ಅಪ್ಪ ಮಗಳ ನಡುವ ನಾ ಏನ್ ಪೋಸ್ಟ್‌ಮನ್ ಏನ್ರಿ? ಏನರ ಹೇಳೂದಿದ್ರ ಬರದು ಕಳಸ್ರಿ" ಎಂದಳು. ಅವಳು ಸಿಟ್ಟಿನಲ್ಲಿ ಅಂದ ಮಾತು ನನಗೆ ಸರಿಯೆನ್ನಿಸಿತು. ಬಾಯಿಬಿಟ್ಟರೆ ನಾವಿಬ್ಬರೂ ಚೀರುತ್ತೇವೆ. ಕಾಗದದ ಮೇಲೆ ಎಷ್ಟು ಚೀರಿದರೂ ಪಕ್ಕದ ಮನೆಯವರಿಗೆ ಕೇಳಿಸುವುದಿಲ್ಲ. ಇಲ್ಲಿ ನನ್ನ ಜೊತೆ ಕೆಲಸಕ್ಕಿರುವ ಶ್ರೀಶೈಲ ಮಂಗಳವಾರ ಇರ್ವಿಂಗಿಗೆ ವ್ಯಾನ್ ತರುತ್ತಾನಲ್ಲ, ಶೇಂಗಾ ಚಟ್ನಿಯ ಡಬ್ಬಿಗಳ ಜೊತೆ ಇದನ್ನೂ ಕೊಡುತ್ತಾನೆ. ಉತ್ತರವನ್ನು ಅವನ ಕೈಯಲ್ಲೇ ಕಳಿಸು. ನಾಲ್ಕನೇ ಇಯತ್ತೆಯವರೆಗೆ ವಿಜಯಪುರದಲ್ಲಿ ಕನ್ನಡ ಶಾಲೆಗೆ ಹೋದವಳು ನೀನು, ಖಾನಾವಳಿಯ ಬೋರ್ಡನ್ನು ಇಷ್ಟು ವರ್ಷ ಬರೆದವಳು ನೀನು, ಬರುವುದಿಲ್ಲ ಎಂದು ನೆಪ ಹೇಳಬೇಡ.

ಈಗ ವಿಷಯ. ಇಲ್ಲಿ ಎರಡನೇ ಖಾನಾವಳಿ ತೆರೆಯಲು ನಾನು ಜನವರಿಯಿಂದ ಒದ್ದಾಡುತ್ತಿದ್ದೇನೆ. ಇರ್ವಿಂಗಿನದನ್ನು ನಿನ್ನನ್ನು ನಂಬಿ ಬಿಟ್ಟು ಬಂದೆ. ವಾರದ ದಿನಗಳಲ್ಲಿ ಡ್ಯೂಟಿಗೆ ಹೋಗುವ ಮುಂಚೆ ನಿಮ್ಮವ್ವ ಬಂದು ಹೋಗುತ್ತಾಳೆ. ಶನಿವಾರ, ಭಾನುವಾರ ಅವಳಿಗೆ ಆಸ್ಪತ್ರೆಯಲ್ಲಿ ಇಡೀ ದಿನದ ಶಿಫ್ಟ್. ನಮ್ಮ ಪದ್ಧತಿ ನಿನಗೆ ಗೊತ್ತು. ತಟ್ಟೆಗೆ ಬೀಳುವ ಮೊದಲ ರೊಟ್ಟಿ ಮನೆಯವರ ಕೈಯಿಂದಲೇ ಬೀಳಬೇಕು. ಅಡುಗೆಯವರು ಎಷ್ಟು ಒಳ್ಳೆಯವರಿದ್ದರೂ ಅದು ಅವರ ಕೆಲಸವಲ್ಲ. ಊಟಕ್ಕೆ ಬಂದವರು ಒಬ್ಬರ ಮನೆಗೆ ಬಂದಂತೆ ಇರಬೇಕು, ಅಷ್ಟೇ.

ಹೀಗಿರುವಾಗ ನೀನು ಯಾವುದೋ ರೆನೆಸಾನ್ಸ್ ಫೇರ್ ಎಂಬ ಜಾತ್ರೆಗೆ ಹೋಗಿ, ಐದುನೂರು ವರ್ಷದ ಹಿಂದಿನ ಇಂಗ್ಲೆಂಡಿನವರ ವೇಷ ಹಾಕಿ, ಕಂಡವರ ಅಂಗಡಿಯಲ್ಲಿ ನಿಲ್ಲುತ್ತೇನೆ ಅನ್ನುತ್ತೀ. ನಮ್ಮ ಅಂಗಡಿಗೆ ಏನಾಗಿದೆ? ನಮ್ಮಲ್ಲಿ ಇಲ್ಲದ್ದು ಅಲ್ಲೇನಿದೆ?

ಸಿಟ್ಟು ಇಳಿಯದ
ಅಪ್ಪ


ಇರ್ವಿಂಗ್
9 ಏಪ್ರಿಲ್ 2024

ಅಪ್ಪಾ,

ತಂದೆಗೆ ಬರೆಯುವಾಗ ಮೇಲೆ ದೊಡ್ಡ ದೊಡ್ಡ ಪದ ಹಾಕಬೇಕು ಅಂತ ಅವ್ವ ಹೇಳಿಕೊಟ್ಟಳು. ಹಾಕಲಿಲ್ಲ. ಸಿಟ್ಟು ನನಗೂ ಇಳಿದಿಲ್ಲ.

ಕೌಂಟರಿನಲ್ಲಿ ಯಾರು ಅಂತ ಚಿಂತೆ ಬೇಡ. ಫೇರಿನ ಈ ಸೀಸನ್ ಮುಗಿಯುವವರೆಗೆ ಅವ್ವ ಶನಿವಾರ, ಭಾನುವಾರ ಬಿಟ್ಟು ವಾರದ ದಿನಗಳ ಶಿಫ್ಟಿಗೆ ಬದಲಾಗಿದ್ದಾಳೆ. ಒಂದೇ ಸಲ, ಮತ್ತೆ ಕೇಳಬೇಡ ಅಂತ ಅವಳ ಮೇಲಿನವರು ಹೇಳಿದ್ದಾರಂತೆ. ಹಾಗಾಗಿ ಮೊದಲ ರೊಟ್ಟಿ ಮನೆಯವರ ಕೈಯಿಂದಲೇ ಬೀಳುತ್ತಿದೆ.

ಅಲ್ಲಿ ಏನಿದೆ ಅಂತ ಕೇಳಿದಿರಿ. ಬೆಳಿಗ್ಗೆ ನನ್ನ ಕ್ಲಾಸಿನ ರಿಯಾ ಕಾರು ತರುತ್ತಾಳೆ. ಡಲ್ಲಾಸ್ ದಾಟಿ ದಕ್ಷಿಣಕ್ಕೆ ಒಂದು ತಾಸು. ನಮ್ಮ ಹೈಸ್ಕೂಲಿನವರೇ ಏಳೆಂಟು ಜನ ಇದ್ದೇವೆ. ಕುದುರೆಗಳಿಗೆ ನೀರು ಹೊರುವವರು, ಗುಲಾಬಿ ಮಾರುವವರು, ಎಲ್ಲ. ವಾಚು ತೆಗೆಯಬೇಕು, ಫೋನನ್ನು ಲಂಗದ ಒಳಜೇಬಿನಲ್ಲಿ ಅಡಗಿಸಬೇಕು. ತೋಪು ಹಾರಿದ ಕೂಡಲೇ ಗೇಟು ತೆಗೆಯುತ್ತದೆ, ರಾಜ ರಾಣಿ ಕೈಬೀಸುತ್ತಾರೆ, ಆಮೇಲೆ ಸಂಜೆಯವರೆಗೆ ನಾನು ನಿಧಿ ಅಲ್ಲ. ಒಬ್ಬ ನಾವಿಕನ ಮಗಳು. ಗುರುತಿನವರು ಎದುರು ಬಂದರೂ ಗುರುತು ತೋರಿಸುವ ಹಾಗಿಲ್ಲ, ಅದು ರೂಲು.

ಮಾರುವುದು ಉಪ್ಪಿನಕಾಯಿ. ನಮ್ಮದಲ್ಲ. ಇಡೀ ಸೌತೆಕಾಯಿಯನ್ನು ಸಬ್ಬಸಿಗೆ ಹಾಕಿ ಉಪ್ಪುನೀರಿನಲ್ಲಿ ನೆನೆಸಿಟ್ಟದ್ದು. ಮರದ ಪೀಪಾಯಿಯಿಂದ ಇಕ್ಕಳದಲ್ಲಿ ಎತ್ತಿ ಕಾಗದ ಸುತ್ತಿ ಕೊಡುತ್ತೇನೆ. ಅಂಗಡಿಯ ಒಡತಿ ಗ್ವೆನ್. ಮೊದಲ ದಿನ ಅವಳು ನನ್ನನ್ನು ಪೀಪಾಯಿಯ ಮೇಲೆ ಹತ್ತಿಸಿ, ಬೀದಿ ಕೊನೆಯ ಮರದವರೆಗೂ ಕೇಳಿಸುವ ಹಾಗೆ ಕೂಗು ಅಂದಳು. ನನಗೆ ಬಾಯೇ ಬರಲಿಲ್ಲ. ನಾನು ಯಾವಾಗ ಕೂಗಿದ್ದೇನೆ ಅಪ್ಪಾ? ಕೌಂಟರಿನಲ್ಲಿ "ಕೂಡ್ರಿ ಅಂಕಲ್, ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ ಆಂಟಿ" ಅಂತ ಮೆತ್ತಗೆ ಹೇಳಿ ಹೇಳಿ ಗಂಟಲು ಅಷ್ಟಕ್ಕೇ ಒಗ್ಗಿಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಮರದ ಕೆಳಗಿದ್ದವರು ತಿರುಗಿ ನೋಡಿದರು.

ನಮ್ಮ ಅಂಗಡಿಗೆ ಏನೂ ಆಗಿಲ್ಲ. ಇಲ್ಲಿಗೆ ಬರುವ ಪ್ರತಿಯೊಬ್ಬರಿಗೂ ನಾನು ಯಾರು, ಯಾವ ಕ್ಲಾಸು, ಮುಂದೆ ಏನು ಓದುತ್ತೇನೆ ಎಲ್ಲ ಗೊತ್ತು. ಫೇರಿನಲ್ಲಿ ಕೊಳ್ಳಲು ಬರುವ ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಇಲ್ಲದ್ದು ಅದೇ.

ನಿಧಿ


ಹ್ಯೂಸ್ಟನ್
15 ಏಪ್ರಿಲ್ 2024

ನಾವಿಕನ ಮಗಳಿಗೆ,

ನಾನು ಯಾವಾಗ ಹಡಗು ನಡೆಸಿದೆ? ವಿಜಯಪುರದಿಂದ ಸಮುದ್ರ ಎಷ್ಟು ದೂರ ಗೊತ್ತೇನು?

ಇಲ್ಲಿ ಎಕ್ಸಾಸ್ಟ್ ಫ್ಯಾನು ಮತ್ತೆ ಕೆಟ್ಟಿದೆ. ಇನ್‌ಸ್ಪೆಕ್ಷನ್ನಿಗೆ ಬಂದವನು ಆಗುವುದಿಲ್ಲ ಎಂದು ತಲೆಯಾಡಿಸಿ ಹೋದ. ಇಡೀ ದಿನ ಒಳಗೆ ಕೂತು ರಿಪೇರಿಯವನ ದಾರಿ ನೋಡುವುದೇ ಕೆಲಸ. ಹೊರಗೆ ಹೋಗಿ ಪಾರ್ಕಿಂಗ್ ಲಾಟಿನಲ್ಲಿ ಅತ್ತಿಂದಿತ್ತ ತಿರುಗುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ರಿಚರ್ಡ್‌ಸನ್ನಿನ ಟೆಲಿಕಾಂ ಕೆಲಸ ಬಿಟ್ಟಾಗಲೂ ಹೀಗೆಯೇ ಆಗಿತ್ತು, ಕುರ್ಚಿ ಚುಚ್ಚಿದ ಹಾಗೆ.

ಆ ಸೌತೆಕಾಯಿಗೆ ಖಾರ ಏನೂ ಹಾಕುವುದಿಲ್ಲವೆ? ಎಷ್ಟು ದಿನ ನೆನೆಸುತ್ತಾರೆ? ಪಕ್ಕದ ಅಂಗಡಿಗಳಲ್ಲಿ ಏನು ಮಾರುತ್ತಾರೆ? ಸುಮ್ಮನೆ ಕೇಳಿದೆ. ನಾನೇನೂ ನೋಡಲು ಬರುವುದಿಲ್ಲ. ನನಗೆ ಪುರುಸೊತ್ತಿಲ್ಲ. ಟೋಪಿ ಹಾಕಿಕೊ, ಬಿಸಿಲು ಜಾಸ್ತಿ.

ಅಪ್ಪ


ಇರ್ವಿಂಗ್
14 ಮೇ 2024

ಅಪ್ಪಾ,

ಬರುವುದಿಲ್ಲ ಅಂದವರು ಬಂದಿರಿ.

ಬೆನ್ನಿಗೆ ಡ್ರಾಗನ್ ರೆಕ್ಕೆ ಕಟ್ಟಿಕೊಂಡಿದ್ದ ಗಂಡಸಿನ ಹಿಂದೆ ನಿಮ್ಮನ್ನು ನೋಡಿದಾಗ ನನ್ನ ಕೈಯಿಂದ ಇಕ್ಕಳ ಪೀಪಾಯಿಯೊಳಗೆ ಬಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು. ಅಷ್ಟು ಜನ ರಾಕ್ಷಸರು, ಸೈನಿಕರ ನಡುವೆ ನೀವೊಬ್ಬರೇ ಬೇರೆ ಯಾವುದೋ ವೇಷ ಹಾಕಿಕೊಂಡು ಬಂದವರಂತೆ ಕಂಡಿರಿ. ಬೈಯುತ್ತೀರಿ, ಕೈ ಹಿಡಿದು ಎಳೆದುಕೊಂಡು ಹೋಗುತ್ತೀರಿ ಅಂದುಕೊಂಡೆ. ನಿಮ್ಮ ಸರದಿ ಬಂತು. ರೂಲು ರೂಲೇ. ಯಾವ ದೇಶದಿಂದ ಬಂದಿರಿ ಪ್ರಭು ಅಂತ ಫೇರಿನ ಹಳೆಯ ಇಂಗ್ಲಿಷಿನಲ್ಲಿ ಕೇಳಿದೆ. ನೀವು ಕನ್ನಡಕ ಸರಿ ಮಾಡಿಕೊಂಡು, ನಗದೆ, "ಬಿಜಾಪುರದಾಂವ ಅದೀನಿ" ಅಂದಿರಿ.

ಗ್ವೆನ್ ಕೇಳಿದಳು, ಆತ ಏನೆಂದ ಅಂತ. ಗೊತ್ತಿಲ್ಲ, ಪರದೇಶದವನು ಅಂದೆ. ಹಾಗೆ ಹೇಳಿದ್ದಕ್ಕೆ ಆಮೇಲೆ ಸಂಕಟವಾಯಿತು.

ನೀವು ಸೌತೆಕಾಯಿ ಹಿಡಿದು ಎದುರಿನ ಬೇಲಿಗೆ ಒರಗಿ ಪೂರ್ತಿ ತಿಂದಿರಿ. ನಾನು ಪೀಪಾಯಿ ಹತ್ತಿ ಕೂಗಿದೆ. ನಿಮಗೆ ಕೇಳಿಸಲಿ ಅಂತಲೇ ಇನ್ನಷ್ಟು ಜೋರಾಗಿ ಕೂಗಿದೆ. ಒಂದು ತಾಸು ನಿಂತಿರಿ, ನಾನು ಯಾರಿಗೋ ಚಿಲ್ಲರೆ ಕೊಡುತ್ತಿದ್ದಾಗ ಹೋಗಿಬಿಟ್ಟಿರಿ. ಹ್ಯೂಸ್ಟನ್ನಿನಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು, ಮನೆಗೂ ಬಾರದೆ ಹೋದಿರಿ. ಅವ್ವ ಎರಡು ದಿನದಿಂದ ನಿಮ್ಮ ಹೆಸರು ಎತ್ತುತ್ತಿಲ್ಲ.

ಏನನ್ನಿಸಿತು ಅಂತ ಹೇಳಿ. ಬೈಯುವುದಿದ್ದರೆ ಬೈಯಿರಿ. ಸುಮ್ಮನಿರಬೇಡಿ.

ಗ್ವೆನ್ ಅಕ್ಟೋಬರಿನಲ್ಲಿ ಹ್ಯೂಸ್ಟನ್ ಕಡೆಯ ಫೇರಿಗೆ ಅಂಗಡಿ ಒಯ್ಯುತ್ತಾಳೆ. ನನ್ನನ್ನೂ ಕರೆದಿದ್ದಾಳೆ. ವೀಕೆಂಡುಗಳಲ್ಲಿ ಬಂದು ನಿಮ್ಮ ರೂಮಿನಲ್ಲೇ ಉಳಿಯುತ್ತೇನೆ. ಕೌಂಟರಿಗೆ ಏನಾದರೂ ದಾರಿ ಮಾಡಿ ಅಪ್ಪಾ, ದಯವಿಟ್ಟು. ನಾನು ನಿಮ್ಮಿಂದ ಬೇರೆ ಏನನ್ನೂ ಕೇಳುವುದಿಲ್ಲ.

ನಿಧಿ


ಹ್ಯೂಸ್ಟನ್
27 ಮೇ 2024

ನಿಧವ್ವಾ,

ಬೈಯಲಿಕ್ಕೇ ಬಂದಿದ್ದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ನೀನು ಪೀಪಾಯಿ ಹತ್ತಿ ಕೂಗಿದೆಯಲ್ಲ, ಎಲ್ಲ ಮರೆತುಹೋಯಿತು. ನಿನಗೆ ಅಷ್ಟು ದೊಡ್ಡ ಧ್ವನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮಗಳ ಧ್ವನಿ ನನಗೇ ಗೊತ್ತಿರಲಿಲ್ಲ ಎಂದು ಕಣ್ಣಿಗೆ ನೀರು ಬಂತು. ಅದಕ್ಕೇ ಹೋಗಿಬಿಟ್ಟೆ. ನಿಮ್ಮವ್ವನಿಗೆ ಇದನ್ನು ಹೇಳು, ಮುಖ ಬಿಗಿದುಕೊಂಡು ಕೂಡುವುದು ಬೇಡ ಎನ್ನು.

ಅಲ್ಲಿಂದ ಬಂದ ಮೇಲೆ ನನಗೆ ಇಲ್ಲಿ ಕಾಲು ನಿಲ್ಲುತ್ತಿಲ್ಲ. ಕಬ್ಬಿಣ ಬಡಿಯುವವನನ್ನು ನೋಡಿದೆ, ಗಾಜು ಊದುವವನನ್ನು ನೋಡಿದೆ, ಎಲ್ಲ ಕಣ್ಣೆದುರು, ಎಲ್ಲ ಕೈಯಿಂದ. ಅಷ್ಟು ದೊಡ್ಡ ಬಯಲಿನಲ್ಲಿ ಕೈಯಿಂದ ರೊಟ್ಟಿ ಬಡಿಯುವವರು ಒಬ್ಬರೂ ಇಲ್ಲ! ಹೊರಗೆ ಕಟ್ಟಿಗೆಯ ಒಲೆ, ಮೇಲೆ ತವೆ, ಪಟ ಪಟ ಎಂದು ಬಡಿದರೆ ಜನ ನಿಂತು ನೋಡುವುದಿಲ್ಲವೆ?

ಈಗ ಖುಷಿಯ ಸುದ್ದಿ. ಹ್ಯೂಸ್ಟನ್ ಕಡೆಯ ಫೇರಿನಲ್ಲಿ ಒಂದು ಅಂಗಡಿ ಬೇಕೆಂದು ಕೇಳಿದ್ದೇನೆ. ಆ ಕಾಲಕ್ಕೆ ಹೊಂದುವ ವೇಷ, ಪಾತ್ರ ಇರಬೇಕು ಎಂದರು. ಬಿಜಾಪುರದ ಸುಲ್ತಾನರೂ ಅದೇ ಕಾಲದವರು, ಅಲ್ಲಿಂದ ಹಡಗು ಹತ್ತಿ ಬಂದ ವ್ಯಾಪಾರಿ ನಾನು ಎಂದೆ. ಕೊಟ್ಟರು ಎಂದೇ ತಿಳಿ. ನೀನು ಆ ಗ್ವೆನ್ನಿನ ಹತ್ತಿರ ಯಾಕೆ ನಿಲ್ಲಬೇಕು? ನಮ್ಮದೇ ಅಂಗಡಿಯಲ್ಲಿ ನಿಲ್ಲು. ಅಪ್ಪ ಬಡಿಯುತ್ತಾನೆ, ಮಗಳು ಕೂಗುತ್ತಾಳೆ. ನಾನು ರಾತ್ರಿ ಇದನ್ನೇ ನೆನೆದು ಒಬ್ಬನೇ ನಗುತ್ತೇನೆ.

ನಿನ್ನ ಬಿಜಾಪುರದ ವ್ಯಾಪಾರಿ


ಇರ್ವಿಂಗ್
4 ಜೂನ್ 2024

ಅಪ್ಪಾ,

ಬೇಡ.

ನಿಮಗೆ ನೋವಾಗುತ್ತದೆ ಅಂತ ನಾಲ್ಕು ಸಲ ಬರೆದು ಹರಿದೆ. ಕೊನೆಗೆ ಇಷ್ಟೇ ಉಳಿಯಿತು. ನನಗೆ ಹತ್ತು ವರ್ಷ ಆದಾಗಿನಿಂದ ಎಲ್ಲ ರಜೆ, ಎಲ್ಲ ಶನಿವಾರ ರೊಟ್ಟಿಯ ಪಕ್ಕದಲ್ಲೇ ಕಳೆದಿದ್ದೇನೆ. ರೊಟ್ಟಿ ಇಲ್ಲದ ಒಂದು ಜಾಗ ಹುಡುಕಿಕೊಂಡೆ. ನೀವು ಒಂದೇ ಒಂದು ಸಲ ಬಂದು ನೋಡಿದಿರಿ, ಅಲ್ಲೂ ಒಲೆ ಹೂಡುತ್ತಿದ್ದೀರಿ.

ಆ ಜಾಗ ನನಗೆ ಬಿಡಿ.

ನಿಧಿ


ಹ್ಯೂಸ್ಟನ್
14 ಅಕ್ಟೋಬರ್ 2024

ನಿಧವ್ವಾ,

ಜೂನಿನಿಂದ ಇಬ್ಬರೂ ಬರೆದಿಲ್ಲ. ಆಗಸ್ಟಿನಲ್ಲಿ ಮನೆಗೆ ಬಂದಾಗಲೂ ನೀನು ಸ್ಕೂಲಿನ ಕೆಲಸ ಎಂದು ರೂಮು ಸೇರಿದೆ. ನಿನ್ನ ಪತ್ರ ಓದಿದೆ. ಹುಡುಗಾಟದ ಮಾತು, ಬಂದು ನೋಡಿದರೆ ತಾನೇ ಸರಿಹೋಗುತ್ತಾಳೆ ಎಂದುಕೊಂಡೆ.

ಫೇರಿನಲ್ಲಿ ಅಂಗಡಿ ಹಾಕಿದೆ, ಮೊದಲ ವೀಕೆಂಡ್ ಮುಗಿಯಿತು. ನೀನು ನೋಡಬೇಕಿತ್ತು. ತಲೆಗೆ ರುಮಾಲು, ಸೊಂಟಕ್ಕೆ ಶಲ್ಯ. ಒಲೆಯ ಸುತ್ತ ಮೂರು ಸಾಲು ಜನ. ಗಡ್ಡಕ್ಕೆ ಮಣಿ ಕಟ್ಟಿಕೊಂಡ ಒಬ್ಬ, ತಾನೂ ಬಡಿಯುತ್ತೇನೆಂದು ಕೂತು ಹಿಟ್ಟನ್ನೆಲ್ಲ ಮೊಣಕಾಲಿಗೆ ಬಳಿದುಕೊಂಡ. ನಾನು ಕೂಗುತ್ತೇನೆ, ಹಾಡುತ್ತೇನೆ, ಯಾರನ್ನು ಬೇಕಾದರೂ ಛೇಡಿಸುತ್ತೇನೆ. ಯಾರೂ ನನ್ನನ್ನು ಅಂಕಲ್ ಎನ್ನುವುದಿಲ್ಲ. ಫ್ಯಾನು, ಇನ್‌ಸ್ಪೆಕ್ಷನ್, ಯಾವುದೂ ನೆನಪಿಗೆ ಬರುವುದಿಲ್ಲ. ಇವತ್ತು ಸೋಮವಾರ, ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಶನಿವಾರ ಯಾವಾಗ ಎಂದು ಚಡಪಡಿಸಿದೆ. ಐವತ್ತೆರಡು ವರ್ಷಕ್ಕೆ ನನಗೆ ಇದು ಬೇಕಿತ್ತೆ ಎಂದು ನಿಮ್ಮವ್ವ ಕೇಳುತ್ತಾಳೆ. ಬೇಕಿತ್ತು.

ಗ್ವೆನ್ ನಿನ್ನನ್ನು ಕೇಳಿದಳು. ಇರ್ವಿಂಗಿನಲ್ಲಿ ಕೌಂಟರು ನೋಡಿಕೊಳ್ಳುತ್ತಿದ್ದಾಳೆ ಎಂದೆ. ಡಿಸೆಂಬರ್ ಬರುವವರೆಗೆ ನೀನೇ ನಡೆಸಬೇಕು ತಾಯಿ. ನಿಮ್ಮವ್ವನಿಗೆ ಶಿಫ್ಟ್ ಬದಲಾಯಿಸಲು ಆಗುವುದಿಲ್ಲವಂತೆ.

ಅಪ್ಪ


ಇರ್ವಿಂಗ್
22 ಅಕ್ಟೋಬರ್ 2024

ಅಪ್ಪಾ,

ನಿಮ್ಮ ಪತ್ರ ಓದಿದಾಗ ನಾನು ಕೌಂಟರಿನಲ್ಲೇ ಇದ್ದೆ. ಎದುರಿಗೆ ರಾಮಮೂರ್ತಿ ಅಂಕಲ್ ಕೂತು, "ನಿಮ್ಮಪ್ಪ ಎಲ್ಲಮ್ಮ, ಈ ನಡುವೆ ಕಾಣಿಸ್ತಾನೇ ಇಲ್ಲ" ಅಂತ ಕೇಳುತ್ತಿದ್ದರು. ಹ್ಯೂಸ್ಟನ್ನಿನಲ್ಲಿ ಕೆಲಸ ಅಂಕಲ್ ಅಂದೆ. ಇನ್ನೊಂದು ರೊಟ್ಟಿ ಹಾಕಿದೆ.

ರಿಯಾ ಆ ಫೇರಿಗೆ ಹೋಗುತ್ತಿದ್ದಾಳೆ. ಅವಳ ಅಮ್ಮ ಕರೆದುಕೊಂಡು ಹೋಗುತ್ತಾರೆ. ಈಗ ಪೀಪಾಯಿ ಹತ್ತಿ ಕೂಗುವವಳು ಅವಳು. ವಿಡಿಯೋ ಕಳಿಸಿದಳು. ಹಿಂದೆ ಒಬ್ಬ ರುಮಾಲಿನವನು ಹಾಡುತ್ತಿದ್ದಾನೆ. ಅದು ನೀವು. ಅಷ್ಟು ಖುಷಿಯಾಗಿ ಇರುವ ಅಪ್ಪನನ್ನು ನಾನು ನೋಡಿಯೇ ಇರಲಿಲ್ಲ. ಫೋನ್ ಬೋರಲು ಹಾಕಿ, ಹಿಂದೆ ಹಿಟ್ಟಿನ ಮೂಟೆ ಇಡುವ ರೂಮಿಗೆ ಹೋಗಿ ಅತ್ತೆ.

ನಾನು ಹೋಗುತ್ತೇನೆ ಅಂದಾಗ ಅದು ಕಂಡವರ ಅಂಗಡಿ. ನೀವು ಹೋದರೆ ಅದು ಖುಷಿಯ ಸುದ್ದಿ. ನಿಮಗೆ ಯಾರೂ ಅಂಕಲ್ ಅನ್ನದ ಜಾಗ ಬೇಕು, ಆ ಜಾಗಕ್ಕೆ ನೀವು ಹೋಗಬೇಕಾದರೆ ಇಲ್ಲಿ ಒಬ್ಬರು ಎಲ್ಲರಿಗೂ ಅಂಕಲ್ ಅನ್ನುತ್ತ ನಿಂತಿರಬೇಕು. ಅದು ನಾನು. ಮನೆಯವರ ಕೈ ಅಂದರೆ ನನ್ನ ಕೈ ಅಂತ ಯಾರು ತೀರ್ಮಾನ ಮಾಡಿದರು?

ನನಗಿರುವುದು ಇದೊಂದು ವರ್ಷ. ಆಮೇಲೆ ಕಾಲೇಜು, ಕೆಲಸ, ಎಲ್ಲ ನೀವು ಹೇಳಿದಂತೆಯೇ ಆಗುತ್ತದೆ, ಗೊತ್ತು. ನೀವು ಅದನ್ನು ನನ್ನಿಂದ ತೆಗೆದುಕೊಂಡಿರಿ. ಕೇಳಿಯೂ ತೆಗೆದುಕೊಳ್ಳಲಿಲ್ಲ. ಬೇಡ ಅಂದೆ, ಆದರೂ ತೆಗೆದುಕೊಂಡಿರಿ.

ನಿಧಿ


ಹ್ಯೂಸ್ಟನ್
7 ನವೆಂಬರ್ 2024

ನಿಧಿ,

ಎರಡು ವಾರ ನಿನ್ನ ಪತ್ರವನ್ನು ಶಲ್ಯದಲ್ಲಿ ಕಟ್ಟಿಕೊಂಡೇ ರೊಟ್ಟಿ ಬಡಿದೆ. ಬಿಸಾಡಲು ಆಗಲಿಲ್ಲ, ಉತ್ತರ ಬರೆಯಲು ಆಗಲಿಲ್ಲ. ಮಗಳು ಚಿಕ್ಕವಳು, ಅವಳಿಗೆ ಇನ್ನೂ ಎಷ್ಟೋ ವರ್ಷ ಇದೆ, ನನಗೆಷ್ಟಿದೆ ಎಂದು ನನ್ನಷ್ಟಕ್ಕೆ ವಾದ ಮಾಡಿದೆ. ವಾದದಲ್ಲಿ ಗೆದ್ದೆ ಕೂಡ. ಆದರೆ ಗೆದ್ದ ಮೇಲೆ ಹಾಡು ಬಾಯಿಗೆ ಬರಲಿಲ್ಲ.

ಕಳೆದ ಭಾನುವಾರ ಗ್ವೆನ್ ನನ್ನ ಒಲೆಯ ಹತ್ತಿರ ಬಂದು ಕೂತಳು. ಮಗಳು ಯಾವಾಗ ಬರುತ್ತಾಳೆ ಎಂದಳು. ಬರುವುದಿಲ್ಲ ಎಂದೆ. ಮೇ ತಿಂಗಳಲ್ಲಿ ಬೇಲಿಗೆ ಒರಗಿದ್ದವನು ಯಾರೆಂದು ತನಗೆ ಅವತ್ತೇ ಗೊತ್ತಾಗಿತ್ತು, ನೀವಿಬ್ಬರೂ ನಿಲ್ಲುವ ರೀತಿ ಒಂದೇ, ಒಂದು ಕಾಲು ಯಾವಾಗಲೂ ಹೊರಡಲು ಸಿದ್ಧ ಎಂದಳು. ನಾನು ತಲೆ ಬಗ್ಗಿಸಿ ರೊಟ್ಟಿ ತಿರುವಿದೆ.

ನಿನ್ನಲ್ಲಿರುವ ಈ ಚಡಪಡಿಕೆಯನ್ನು ನಾನು ಬೇಜವಾಬ್ದಾರಿ ಎಂದೆ. ನನ್ನಲ್ಲಿರುವ ಅದನ್ನೇ ಧೈರ್ಯ ಎಂದು ಕರೆದುಕೊಂಡು ಓಡಾಡುತ್ತಿದ್ದೇನೆ. ನಾಚಿಕೆಯಾಗುತ್ತದೆ.

ಅಂಗಡಿಯ ಜಾಗವನ್ನು ಇವತ್ತು ಬಿಟ್ಟುಕೊಟ್ಟೆ. ಆ ಗಡ್ಡದವನು ತವೆ ಕೇಳಿದ, ಕೊಡಲಿಲ್ಲ. ಸುಳ್ಳು ಹೇಳುವುದಿಲ್ಲ, ಬಿಟ್ಟ ಮೇಲೂ ಆರಿದ ಒಲೆಯ ಮುಂದೆ ಒಂದು ತಾಸು ಕೂತೆ. ಬೇಕೆಂದು ಬಿಟ್ಟೆ ಎಂದು ತಿಳಿಯಬೇಡ, ನಿನಗೋಸ್ಕರ ಬಿಟ್ಟೆ. ಇಷ್ಟನ್ನು ಹೇಳಿಕೊಳ್ಳುವ ಹಕ್ಕು ನನಗಿರಲಿ.

ಇಲ್ಲಿನ ಖಾನಾವಳಿಯನ್ನು ಶ್ರೀಶೈಲ ನೋಡಿಕೊಳ್ಳುತ್ತಾನೆ. ಮಾರ್ಚಿನಲ್ಲಿ ಆಸ್ಟಿನ್ ಕಡೆಯ ಫೇರಿಗೆ ಗ್ವೆನ್ ಹೋಗುತ್ತಾಳೆ. ಅಲ್ಲೇ ಇರುವ ಲೀಲಾವತಿ ಅತ್ತಿಯ ಮನೆಯಲ್ಲಿ ಉಳಿಯುವುದಾದರೆ ನಿಮ್ಮವ್ವನ ತಕರಾರಿಲ್ಲ. ಅವಳಿಗೆ ಹೇಳಿದ್ದೇನೆ. ಕಾರು ನೀನೇ ಒಯ್ಯಿ, ಟೈರು ಬದಲಾಯಿಸಿ ಇಡುತ್ತೇನೆ. ಇನ್ನು ಶನಿವಾರ, ಭಾನುವಾರ ಇರ್ವಿಂಗಿನ ಕೌಂಟರಿನಲ್ಲಿ ನಾನೇ ಇರುತ್ತೇನೆ. ಫೇರಿಗೆ ನೋಡಲು ಬರುವುದಿಲ್ಲ. ಈ ಸಲ ನಿಜವಾಗಿಯೂ ಬರುವುದಿಲ್ಲ.

ಈ ಪತ್ರವನ್ನು ವ್ಯಾನಿನಲ್ಲಿ ಕಳಿಸುತ್ತಿಲ್ಲ, ನಾನೇ ತರುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ಮತ್ತೆ ಕೆಡಿಸುತ್ತೇನೆ. ಆದ್ದರಿಂದ ಇದನ್ನು ನಿನ್ನ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತೇನೆ.

ಅಪ್ಪ


ಆಸ್ಟಿನ್
23 ಮಾರ್ಚ್ 2025

ಅಪ್ಪಾ,

ಲೀಲಾವತಿ ಅತ್ತಿಯ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಸ್ಕೂಲಿದೆ, ಇನ್ನು ಸ್ವಲ್ಪ ಹೊತ್ತಿಗೆ ಹೊರಡಬೇಕು. ಮನೆಗೆ ಬಂದರೆ ನೀವು ಎದುರಿಗೇ ಇರುತ್ತೀರಿ. ಆದರೂ ಇದನ್ನು ಎದುರಿಗೆ ಹೇಳಲು ನನ್ನಿಂದ ಆಗುವುದಿಲ್ಲ, ನೀವು ಚಹಾ ಕುಡಿಯುವಾಗ ಓದಿಕೊಳ್ಳಿ.

ಇಲ್ಲಿಯ ಫೇರಿನಲ್ಲಿ ಎತ್ತರದ ಪೈನ್ ಮರಗಳ ನಡುವೆ ಬೀದಿ. ಗ್ವೆನ್ ಈ ಸಲ ನನ್ನನ್ನು ಪೂರ್ತಿ ನಂಬಿ ಅಂಗಡಿ ಬಿಟ್ಟು ಹೋಗುತ್ತಾಳೆ. ಹೊಸದಾಗಿ ಬಂದ ಇಬ್ಬರು ಹೈಸ್ಕೂಲು ಹುಡುಗಿಯರಿಗೆ ಕೂಗುವುದನ್ನು ಕಲಿಸಿದೆ. ಮಧ್ಯಾಹ್ನ ಮಳೆ ಬಂತು, ಕೆಸರಿನಲ್ಲಿ ಲಂಗ ಮೊಣಕಾಲಿನವರೆಗೆ ಒದ್ದೆಯಾಯಿತು, ಕುದುರೆ ಓಡಿಸುವವರು ಜಾರಿ ಬಿದ್ದರು, ಜನ ಚಪ್ಪಾಳೆ ಹೊಡೆದರು. ನಾನು ಕೇಳಿದ್ದು ಇದನ್ನೇ. ಒಂದು ಚೂರೂ ಕಡಿಮೆಯಾಗದೆ ಸಿಕ್ಕಿದೆ.

ಅಪ್ಪಾ, ಆದರೂ ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ. ಇಲ್ಲಿದ್ದಾಗ ಮನೆಯಲ್ಲಿ ಏನು ನಡೆದಿದೆಯೋ ಅನ್ನಿಸುತ್ತದೆ. ಭಾನುವಾರ ಡ್ರೈವ್ ಮಾಡಿಕೊಂಡು ಬರುವಾಗ ಅರ್ಧ ದಾರಿಗೇ ವಾಪಸು ತಿರುಗಿಬಿಡೋಣ ಅನ್ನಿಸುತ್ತದೆ. ಕಾಲೇಜಿಗೆ ಸೇರಿದರೆ ಸರಿಹೋಗುತ್ತದೆ ಅಂತ ಅತ್ತಿ ಹೇಳುತ್ತಾಳೆ. ಆಸ್ಟಿನ್, ಮನೆಗೆ ಹತ್ತಿರದ ರಿಚರ್ಡ್‌ಸನ್ ಎರಡೂ ಕಡೆ ಸೀಟು ಸಿಕ್ಕಿದೆ, ಎರಡೂ ಬೇಡ ಅನ್ನಿಸುತ್ತದೆ, ಎರಡೂ ಬೇಕು ಅನ್ನಿಸುತ್ತದೆ. ಸಿಕ್ಕ ಮೇಲೂ ಹೀಗೇಕೆ? ಅವ್ವನನ್ನು ಕೇಳಿದರೆ ಊಟ ಸರಿಯಾಗಿ ಮಾಡು ಅನ್ನುತ್ತಾಳೆ. ರಿಯಾಳಿಗೆ ಹೇಳಿದರೆ ನನ್ನನ್ನೇ ಮಿಕಿಮಿಕಿ ನೋಡುತ್ತಾಳೆ.

ನಿಮಗೂ ಹೀಗೆಯೇ ಆಗುತ್ತಿತ್ತೆ? ಟೆಲಿಕಾಂ ಬಿಟ್ಟಾಗ? ವಿಜಯಪುರ ಬಿಟ್ಟಾಗ? ಈಗ ಕೌಂಟರಿನಲ್ಲಿ ನಿಂತಾಗಲೂ ಆಗುತ್ತದೆಯೆ? ಇದು ಯಾವತ್ತಾದರೂ ನಿಲ್ಲುತ್ತದೆಯೆ, ಅಥವಾ ಇದನ್ನು ಇಟ್ಟುಕೊಂಡೇ ಬದುಕಬೇಕೆ? ಸುಳ್ಳು ಸಮಾಧಾನ ಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನನಗೆ ಇದನ್ನು ಕೇಳಲಿಕ್ಕೆ ನಿಮ್ಮನ್ನು ಬಿಟ್ಟರೆ ಇನ್ಯಾರೂ ಇಲ್ಲ.

ನಿಮ್ಮ ಮಗಳು
ನಿಧಿ